ಅತ್ತೆಯ ಅಳತೆ

ಅತ್ತೆ ಆಸ್ಪತ್ರೆಯಲ್ಲಿ ನೆಲಕ್ಕೆ ಕುಸಿದು ಕೂತ ಸುದ್ದಿ ನಮಗೆ ಅವರ ಬಾಯಿಂದ ಬರಲಿಲ್ಲ. ಪ್ಯಾಂಟಿಗೆ ಜಿಪ್ ಹಾಕಿಸಲು ಬಂದಿದ್ದ ಆಂಬುಲೆನ್ಸ್ ಡ್ರೈವರ್ ಬಾಯಿಂದ ಬಂತು. ನಮ್ಮ ಮನೆಯ ಮುಂದಿನ ಕೋಣೆಯೇ ಮಾವನ ಟೈಲರ್ ಅಂಗಡಿ. ಅಲ್ಲಿಗೆ ಬಟ್ಟೆಯ ಜೊತೆ ಸುದ್ದಿಯೂ ಬರುತ್ತದೆ, ಬಟ್ಟೆಗಿಂತ ಬೇಗ ತಯಾರಾಗಿ ಹೊರಗೆ ಹೋಗುತ್ತದೆ.

ನಡೆದದ್ದು ಇಷ್ಟು. ಅತ್ತೆ ಗಂಡಸರ ವಾರ್ಡಿನಲ್ಲಿ ನರ್ಸು, ಮೂವತ್ತು ವರ್ಷದ ಸರ್ವೀಸು. ಆವತ್ತು ಒಬ್ಬ ಮುದುಕರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಕೂರಿಸುವಾಗ ಅತ್ತೆಯ ಮೊಣಕಾಲು ನಡುಗಿತು. ಮುದುಕರನ್ನು ಬಿಡಲಿಲ್ಲ, ಎದೆಗೆ ಅವುಚಿಕೊಂಡೇ ಮೆಲ್ಲಗೆ ಜಾರಿ ನೆಲಕ್ಕೆ ಕೂತರು. ಮುದುಕರಿಗೆ ಒಂದು ಗೀರೂ ಆಗಲಿಲ್ಲ. ಅತ್ತೆಯ ಮಡಿಲಲ್ಲಿ ಕೂತುಕೊಂಡೇ, ಟೀ ಇಲ್ಲಿಗೇ ತಂದುಕೊಡುತ್ತಾರಾ ಎಂದು ಕೇಳಿದರಂತೆ. ವಾರ್ಡೆಲ್ಲ ನಕ್ಕಿತು. ಹೆಡ್ ನರ್ಸ್ ನಗಲಿಲ್ಲ.

ಬಾಗಿಲು ಹಾಕಿಕೊಂಡು ಹೆಡ್ ನರ್ಸ್ ಹೇಳಿದ್ದು ಕೂಡ ಡ್ರೈವರ್‌ಗೆ ಗೊತ್ತಿತ್ತು. ಆ ಆಸ್ಪತ್ರೆಯ ಬಾಗಿಲುಗಳು ಅಷ್ಟು ಚೆನ್ನಾಗಿವೆ. ಮೈ ಭಾರ ಆಗಿದೆ, ಕಾಲಲ್ಲಿ ಬಲ ಇಲ್ಲ, ಇವತ್ತು ಅದೃಷ್ಟ ಚೆನ್ನಾಗಿತ್ತು, ನಾಳೆ ಇರುತ್ತದೆ ಅಂತ ಏನು. ಮೂರು ತಿಂಗಳು ಕೊಡುತ್ತೇನೆ, ಆಮೇಲೆ ನಾನೇ ಪರೀಕ್ಷೆ ಮಾಡುತ್ತೇನೆ. ರೋಗಿಯನ್ನು ಎತ್ತಿ ಕೂರಿಸಿದರೆ ವಾರ್ಡು, ಇಲ್ಲದಿದ್ದರೆ ಚೀಟಿ ಕೊಡುವ ಕೌಂಟರು. ಸಂಬಳದಲ್ಲಿ ವ್ಯತ್ಯಾಸ ಇಲ್ಲ.

ಸಂಜೆ ಅತ್ತೆ ಬಂದು ಚಪ್ಪಲಿ ಬಿಡುವಾಗಲೇ ನಮ್ಮ ಮುಖ ನೋಡಿದರು. ಯಾರು ಹೇಳಿದ್ದು ಅಂತ ಕೇಳಿದರು. ನಾವೆಲ್ಲ ಮೇಜಿನ ಮೇಲಿದ್ದ ಡ್ರೈವರ್ ಪ್ಯಾಂಟನ್ನು ನೋಡಿದೆವು.

ನನ್ನ ಗಂಡ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಒಳ್ಳೆಯವನು, ಆದರೆ ಯಾವಾಗ ಬಾಯಿ ತೆರೆಯಬಾರದೋ ಆಗಲೇ ತೆರೆಯುತ್ತಾನೆ.

"ಸಂಬಳ ಅಷ್ಟೇ ಅಲ್ವಾ ಅಮ್ಮ? ಕೂತು ಮಾಡೋ ಕೆಲಸ. ಒಳ್ಳೇದೇ ಆಯ್ತು ಬಿಡು."

ಅತ್ತೆ ಕೈಲಿದ್ದ ಲೋಟ ಕೆಳಗಿಟ್ಟರು. "ಮೂವತ್ತು ವರ್ಷ ಏಳಕ್ಕಾಗದೇ ಇರೋರನ್ನ ಎಬ್ಬಿಸಿ ಕೂರಿಸಿದ್ದೀನಿ ಕಣೋ. ಈಗ ಕಿಟಕಿ ಹಿಂದೆ ಕೂತು ಚೀಟಿ ಹರೀಲಾ? ಅದಕ್ಕಿಂತ ಮನೇಲಿ ಇರ್ತೀನಿ."

ಅತ್ತೆ ಮನೆಯಲ್ಲಿ ಇರುವುದೆಂದರೆ ಏನು ಅಂತ ನಮಗೆಲ್ಲ ಗೊತ್ತು. ರಜೆಯ ದಿನ ಅವರು ಪಾತ್ರೆ ತೊಳೆಯುತ್ತ ನಿಂತರೂ ಮನಸ್ಸು ಐದನೇ ಹಾಸಿಗೆಯವರ ಜ್ವರದ ಹತ್ತಿರ ಇರುತ್ತದೆ. ಮಾವ ಮಾತ್ರ ತುಟಿ ಪಿಟಕ್ ಅನ್ನಲಿಲ್ಲ, ಜಿಪ್ ಹೊಲಿಯುತ್ತಿದ್ದರು. ಅವರು ಯಾವತ್ತೂ ಹಾಗೆಯೇ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನಮ್ಮ ಮಾವ ಮಾತೇ ಆಡದೆ ಅದೇ ಫಲ ಪಡೆದವರು.

ಮರುದಿನದಿಂದ ಅತ್ತೆ ಊಟ ಬಿಟ್ಟರು. ಬೆಳಗ್ಗೆ ಒಂದು ಸೌತೆಕಾಯಿ, ಮಧ್ಯಾಹ್ನ ಒಂದು ಲೋಟ ಮಜ್ಜಿಗೆ, ಸಂಜೆ ಮತ್ತೆ ಸೌತೆಕಾಯಿ. ರೋಗಿಗಳಿಗೆ ದಿನವೆಲ್ಲ "ಊಟ ಬಿಡಬೇಡಿ, ನಿತ್ರಾಣ ಆಗುತ್ತೆ" ಅಂತ ಬೈಯುವವರು ಇವರೇ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಅನ್ನುವ ಗಾದೆ ನಮ್ಮ ಮನೆಯಲ್ಲಿ ತರಕಾರಿ ಬದಲಾಯಿಸಿಕೊಂಡು ಬಂದು ಕೂತಿತ್ತು.

ಇದು ಅಜ್ಜಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಅಜ್ಜಿ ಎಂದರೆ ಮಾವನ ತಾಯಿ. ಎಂಬತ್ತು ಹತ್ತಿರ ಬಂದರೂ ಅಡುಗೆಮನೆಯ ಯಜಮಾನಿಕೆ ಬಿಟ್ಟುಕೊಟ್ಟವರಲ್ಲ. ಕುರ್ಚಿ ಹಾಕಿಕೊಂಡು ಒಲೆಯ ಪಕ್ಕ ಕೂರುತ್ತಾರೆ, ನಾನು ಅವರ ಕೈಕಾಲು.

"ಈ ಮನೆಗೆ ಬಂದಾಗ ಊದಿದ್ರೆ ಹಾರಿಹೋಗ್ತಿದ್ದಳು ಇವಳು," ಅಂತ ನನ್ನ ಕಡೆ ನೋಡಿಕೊಂಡು, ಅತ್ತೆಗೆ ಕೇಳಿಸುವ ಹಾಗೆ ಹೇಳಿದರು. "ತಿನ್ನಿಸಿ ತಿನ್ನಿಸಿ ಮನುಷ್ಯಳನ್ನ ಮಾಡಿದೋಳು ನಾನು. ಈಗ ನನ್ನ ಕೈಯಡುಗೆ ವಿಷ ಆಯ್ತು."

ಅತ್ತೆ ಸೌತೆಕಾಯಿ ಕಚ್ಚಿದ ಸದ್ದೇ ಉತ್ತರ. ಅಜ್ಜಿಯೂ ಆ ದಿನ ಉಣ್ಣಲಿಲ್ಲ. ಮಾಡಿದ ಅನ್ನ, ಬೇಳೆ, ಪಲ್ಯ ಎಲ್ಲ ನನ್ನ ಗಂಡನೇ ಖಾಲಿ ಮಾಡಿದ. ಮನೆಯಲ್ಲಿ ಎರಡು ಉಪವಾಸ, ಒಂದು ಅಜೀರ್ಣ.

ಆದರೆ ತೂಕ ಇಳಿಯಿತು, ಇಲ್ಲ ಅನ್ನುವ ಹಾಗಿಲ್ಲ. ನನ್ನ ಗಂಡ ಯಾರಿಂದಲೋ ಒಂದು ತೂಕದ ಯಂತ್ರ ತಂದು ಬಚ್ಚಲಿನ ಬಾಗಿಲ ಹತ್ತಿರ ಇಟ್ಟಿದ್ದ. ಮುಳ್ಳು ಹಿಂದೆ ಹೋದಾಗಲೆಲ್ಲ ಅವನು ಕ್ರಿಕೆಟ್ ನೋಡುವವನ ಹಾಗೆ ಚಪ್ಪಾಳೆ ತಟ್ಟುತ್ತಿದ್ದ. ನಾನೂ ತಟ್ಟಿದೆ, ಸುಳ್ಳು ಯಾಕೆ ಹೇಳಲಿ. ಅತ್ತೆಯ ಕಣ್ಣಿನ ಕೆಳಗೆ ಕಪ್ಪಾಗಿದ್ದನ್ನು ನೋಡಿಯೂ ತಟ್ಟಿದೆ.

ಮೂರನೇ ವಾರ ನೀರಿನ ಪಂಪು ಕೆಟ್ಟಿತು. ಮಹಡಿಯ ತೊಟ್ಟಿಗೆ ಬಕೆಟ್‌ನಲ್ಲಿ ನೀರು ಹೊರಬೇಕಾಯಿತು. ನಾನು ಎರಡು ಸಲ ಹೋಗಿಬಂದೆ. ಅತ್ತೆ ಒಂದು ಬಕೆಟ್ ಹಿಡಿದು ಮೆಟ್ಟಿಲು ಹತ್ತಿದವರು ಅರ್ಧಕ್ಕೆ ನಿಂತರು. ಬಕೆಟ್ ಕೈಯಿಂದ ಜಾರಿ, ನೀರೆಲ್ಲ ಮೆಟ್ಟಿಲು ಇಳಿದು ನನ್ನ ಕಾಲಿಗೆ ಬಂತು. ಮೇಲೆ ಹೋಗಿ ನೋಡಿದರೆ ಅತ್ತೆ ಒದ್ದೆ ಮೆಟ್ಟಿಲ ಮೇಲೆಯೇ ಕೂತಿದ್ದಾರೆ.

"ತೂಕದ ಜೊತೆ ಬಲಾನೂ ಇಳೀತಾ ಇದೆ ಕಣೇ," ಅಂದರು. "ಹೀಗೇ ಆದ್ರೆ ಪರೀಕ್ಷೆ ದಿನ ಮನುಷ್ಯನ್ನ ಬಿಡು, ದಿಂಬು ಎತ್ತಕ್ಕೂ ಆಗಲ್ಲ."

ಅವರ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಮರುದಿನ ನಾನು ಕೆಲಸ ಮಾಡುವ ಶಾಲೆಯ ಆಫೀಸಿಗೆ ರಜೆ ಹಾಕಿ, ಕೈ ಹಿಡಿದು ಅವರದೇ ಆಸ್ಪತ್ರೆಯ ಫಿಸಿಯೋಥೆರಪಿ ಕೋಣೆಗೆ ಕರೆದುಕೊಂಡು ಹೋದೆ. ಮೂವತ್ತು ವರ್ಷದಲ್ಲಿ ಅವರು ಎಷ್ಟೋ ಜನರನ್ನು ಆ ಕೋಣೆಗೆ ಕಳಿಸಿದ್ದರಂತೆ. ತಾವು ಹೋಗಬಹುದು ಅಂತ ಹೊಳೆದಿರಲಿಲ್ಲ.

ಅಲ್ಲಿದ್ದ ಹುಡುಗಿ ನನಗಿಂತ ಚಿಕ್ಕವಳು. ಎಲ್ಲ ಕೇಳಿಸಿಕೊಂಡು ಬೈಯಲಿಲ್ಲ. "ಮೇಡಂ, ನೀವು ಕೊಬ್ಬು ಒಂದನ್ನೇ ಕಳ್ಕೊಳ್ತಿಲ್ಲ, ಮಾಂಸಖಂಡಾನೂ ಕಳ್ಕೊಳ್ತಿದ್ದೀರಿ. ಊಟ ಮಾಡಿ, ಭಾರ ಎತ್ತಿ. ನಿಧಾನವಾಗಿ ಇಳೀರಿ, ಇಳಿದದ್ದು ಉಳಿಯುತ್ತೆ," ಅಂದಳು. ಹೊತ್ತುಹೊತ್ತಿಗೆ ಊಟ, ಪ್ರತಿ ಊಟದಲ್ಲೂ ಮೊಟ್ಟೆಯೋ ಕಾಳೋ ಮೊಸರೋ, ಅನ್ನ ಸ್ವಲ್ಪ ಕಡಿಮೆ, ತರಕಾರಿ ಹೆಚ್ಚು. ದಿನ ಬಿಟ್ಟು ದಿನ ವ್ಯಾಯಾಮ. ಕುರ್ಚಿಯಿಂದ ಕೈ ಊರದೆ ಏಳುವುದು, ಕೂರುವುದು. ಬೆನ್ನು ಗೂನು ಮಾಡದೆ, ಸೊಂಟವನ್ನು ಹಿಂದಕ್ಕೆ ತಳ್ಳಿ ನೆಲದ ಮೇಲಿನ ಚೀಲ ಎತ್ತುವುದು. ಗೋಡೆಯನ್ನು ತಳ್ಳುವುದು, ಚೀಲವನ್ನು ಹೊಟ್ಟೆಯ ಕಡೆಗೆ ಎಳೆಯುವುದು, ಎರಡೂ ಕೈಯಲ್ಲಿ ಭಾರ ಹಿಡಿದು ನಡೆಯುವುದು. ಕೊನೆಯ ಒಂದೆರಡು ಸಲ ಕಷ್ಟ ಅನ್ನಿಸಬೇಕು, ನೋವು ಆಗಬಾರದು. ಸಲೀಸಾದ ಮೇಲೆ ಸ್ವಲ್ಪ ಭಾರ ಏರಿಸಬೇಕು. ಇಷ್ಟೇ. ಕಬ್ಬಿಣದ ಗುಂಡು, ಸಲಾಕೆ, ಕನ್ನಡಿ ಹಾಕಿದ ಜಿಮ್ಮು ಏನೂ ಬೇಡ ಅಂದಳು.

ಮನೆಗೆ ಬಂದು ನಾನು ಊಟದ ಮನೆಯಲ್ಲಿ ಇದೆಲ್ಲ ವರದಿ ಒಪ್ಪಿಸಿದೆ. ಮಾವ ಕೇಳಿಸಿಕೊಂಡರೋ ಇಲ್ಲವೋ ಗೊತ್ತಾಗಲಿಲ್ಲ. ಎರಡು ದಿನ ಬಿಟ್ಟು ನೋಡಿದರೆ ಅಂಗಡಿಯ ಮೂಲೆಯಲ್ಲಿ ದಪ್ಪ ಕ್ಯಾನ್ವಾಸಿನ ಚೀಲಗಳು, ಚಿಕ್ಕದರಿಂದ ದೊಡ್ಡದರವರೆಗೆ ಸಾಲಾಗಿ ನಿಂತಿವೆ. ಒಳಗೆ ಮರಳು ತುಂಬಿ ಬಾಯಿ ಹೊಲಿದಿದ್ದಾರೆ. ಕೈ ಒತ್ತಬಾರದು ಅಂತ ಹಿಡಿಗೆ ಮೆತ್ತನೆಯ ಬಟ್ಟೆ ಸುತ್ತಿದ್ದಾರೆ. ಅತ್ತೆ ಒಂದನ್ನು ಎತ್ತಿ ನೋಡಿ, ಹೊಲಿಗೆ ಜಗ್ಗಿ ನೋಡಿ, ಕೆಳಗಿಟ್ಟರು. "ಹೇಳಿದ್ರೆ ನಾನೂ ಸ್ವಲ್ಪ ಸಹಾಯ ಮಾಡ್ತಿದ್ದೆ," ಅಂದರು. ಮಾವ ಸೂಜಿಗೆ ದಾರ ಪೋಣಿಸಿದರು.

ಮೊದಲ ಸಂಜೆ ನಡುಮನೆಯಲ್ಲಿ ನಾವೆಲ್ಲ ಪ್ರೇಕ್ಷಕರು. ಅತ್ತೆ ಕುರ್ಚಿಯಿಂದ ಎದ್ದರು, ಕೂತರು, ಎದ್ದರು, ಕೂತರು.

"ಏನೇ ಇದು," ಅಂದರು ಅಜ್ಜಿ ನನಗೆ. "ಬಸ್ಸಲ್ಲಿ ಸೀಟು ಸಿಕ್ಕಿದೆ, ಕೂರಲೋ ಬೇಡವೋ ಅಂತ ಅನುಮಾನವೋ?"

ಅತ್ತೆಗೆ ನಗು ಬಂದು ಆ ಸಲದ್ದು ಲೆಕ್ಕಕ್ಕೆ ಸಿಗಲಿಲ್ಲ. ಮರುದಿನ ತೊಡೆ ಎಷ್ಟು ಹಿಡಿದುಕೊಂಡಿತ್ತೆಂದರೆ ಮೆಟ್ಟಿಲನ್ನು ಏಡಿಯ ಹಾಗೆ ಅಡ್ಡಡ್ಡ ಇಳಿದರು. ನನ್ನ ಗಂಡನಿಗೆ ಅಷ್ಟೂ ಸಾಲಲಿಲ್ಲ. ಬೆವರೇ ಬರ್ತಿಲ್ಲವಲ್ಲ, ಇದೆಂಥ ವ್ಯಾಯಾಮ, ಬೆಳಗ್ಗೆ ಓಡಬೇಕು, ಕೊಬ್ಬು ಕರಗಬೇಕು ಅಂತ ಡಿಪೋದಲ್ಲಿ ಕೇಳಿ ಬಂದದ್ದನ್ನೆಲ್ಲ ಉಪದೇಶ ಮಾಡಿದ. ಅತ್ತೆ ಒಂದು ಚೀಲ ಅವನ ಕೈಗೆ ಕೊಟ್ಟು, ಅದನ್ನು ಎದೆಗೆ ಅವುಚಿಕೊಂಡು ನಾನು ಮಾಡಿದಷ್ಟೇ ಸಲ ಕೂತು ಏಳು ಅಂದರು. ಮಾಡಿದ. ಮೀಸೆ ಮೇಲೆ ಕೈಯನ್ನೂ ಆಡಿಸಿದ. ಮರುದಿನ ಬೆಳಗ್ಗೆ ಹಾಸಿಗೆಯಿಂದ ಏಳಲು ನನ್ನ ಹೆಗಲು ಬೇಕಾಯಿತು. ಆಮೇಲೆ ಓಟದ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ.

ಅಜ್ಜಿಯ ಸಿಟ್ಟು ಇಳಿಸಿದ್ದು ಮೊಟ್ಟೆ. ಅತ್ತೆಗೆ ಮತ್ತೆ ಊಟ ಬೇಕು ಅನ್ನುವುದು ಖಾತ್ರಿಯಾದ ಕೂಡಲೇ ಅವರು ಸೆರಗು ಕಟ್ಟಿಕೊಂಡು ನಿಂತರು. ಯಾವ ಕಾಳು ಇವತ್ತು ನೆನೆಹಾಕಬೇಕು, ಮೊಸರು ಹುಳಿಯಾಗಿದೆಯೇ, ಮೊಟ್ಟೆ ಎಷ್ಟು ಬೇಯಬೇಕು, ಎಲ್ಲ ಅವರದೇ ಅಪ್ಪಣೆ. ಅತ್ತೆ ಡ್ಯೂಟಿ ಮುಗಿಸಿ ಬರುವ ಹೊತ್ತಿಗೆ ತಟ್ಟೆ ಮುಂದಿಟ್ಟು, ಕೊನೆಯ ತುತ್ತಿನವರೆಗೂ ಎದುರಿಗೇ ಕೂತಿರುತ್ತಿದ್ದರು. ಒಂದು ಮಧ್ಯಾಹ್ನ ನಾನು ನೀರು ಕುಡಿಯಲು ಹೋದರೆ ಅಡುಗೆಮನೆಯಲ್ಲಿ ಅಜ್ಜಿ ಒಬ್ಬರೇ, ಒಲೆಯ ಕಟ್ಟೆ ಹಿಡಿಯದೆ ಕುರ್ಚಿಯಿಂದ ಏಳುತ್ತಿದ್ದಾರೆ, ಕೂರುತ್ತಿದ್ದಾರೆ. ನನ್ನನ್ನು ನೋಡಿ, ಒಗ್ಗರಣೆ ಡಬ್ಬಿ ಎಲ್ಲಿಟ್ಟಿದ್ದೀಯೆ ಅಂತ ಗದರಿದರು. ಡಬ್ಬಿ ಅವರ ಮುಂದೆಯೇ ಇತ್ತು.

ಹೀಗೆ ವಾರಗಳು ಕಳೆದವು. ಚೀಲಗಳು ಒಂದೊಂದಾಗಿ ಹಗುರ ಅನ್ನಿಸಿ ಮೂಲೆಗೆ ಹೋದವು. ಅತ್ತೆ ನೀರಿನ ಕ್ಯಾನನ್ನು ಬಾಗಿಲಿನಿಂದ ಒಳಗೆ ತಾವೇ ತಂದಿಟ್ಟರು. ಆದರೆ ಬಚ್ಚಲಿನ ಬಾಗಿಲ ಹತ್ತಿರದ ಆ ಯಂತ್ರ ಇತ್ತಲ್ಲ, ಅದು ಮಾತ್ರ ಆರಕ್ಕೆ ಏರಲಿಲ್ಲ, ಮೂರಕ್ಕೆ ಇಳಿಯಲಿಲ್ಲ. ಉಪವಾಸದ ದಿನಗಳಲ್ಲಿ ಸರಸರ ಓಡಿದ ಮುಳ್ಳು ಈಗ ಮುನಿಸಿಕೊಂಡ ಎತ್ತಿನ ಹಾಗೆ ಮಲಗಿಬಿಟ್ಟಿತ್ತು. ಫಿಸಿಯೋ ಹುಡುಗಿಯನ್ನು ಕೇಳಿದರೆ, ಮಾಂಸಖಂಡ ಕೂಡ್ತಾ ಕೊಬ್ಬು ಇಳಿಯೋವಾಗ ಹಾಗೇ ಆಗುತ್ತೆ ಮೇಡಂ, ಯಂತ್ರ ನೋಡಬೇಡಿ, ಬಟ್ಟೆ ಸಡಿಲ ಆಗ್ತಾ ಇರುತ್ತೆ, ಅದನ್ನ ನೋಡಿ ಅಂದಳು.

ಅತ್ತೆ ಬಟ್ಟೆ ನೋಡಿದರು. ಡ್ಯೂಟಿಯ ಬಿಳಿ ಕೋಟು ಮೊದಲು ಹೇಗೆ ಕೂರುತ್ತಿತ್ತೋ ಹಾಗೆಯೇ ಕೂರುತ್ತಿತ್ತು. ಪ್ಯಾಂಟಿನ ಸೊಂಟ ಹಾಗೆಯೇ ಇತ್ತು. ಮನೆಯಲ್ಲಿ ಹಾಕುವ ಬಟ್ಟೆಯೂ ಅಷ್ಟೆ. ನಿಮ್ಮ ಮುಖ ಇಳಿದಿದೆ, ತೋಳು ಗಟ್ಟಿಯಾಗಿದೆ ಅಂತ ನಾನು ಎಷ್ಟು ಹೇಳಿದರೂ ನಂಬಲಿಲ್ಲ.

"ಕನ್ನಡಿ ಸುಳ್ಳು ಹೇಳಬಹುದು, ಸೊಸೆ ಸುಳ್ಳು ಹೇಳಬಹುದು. ಕೋಟು ಯಾಕೆ ಸುಳ್ಳು ಹೇಳುತ್ತೆ?" ಅಂದರು.

ಪರೀಕ್ಷೆಗೆ ಒಂದು ತಿಂಗಳೂ ಉಳಿದಿರಲಿಲ್ಲ. ಒಂದು ಸಂಜೆ ಅವರು ಚೀಲ ಮುಟ್ಟಲಿಲ್ಲ. ಸುಸ್ತಾಗಿರಬೇಕು ಅಂದುಕೊಂಡೆವು. ಮುಂದಿನ ಸಲವೂ ಮುಟ್ಟಲಿಲ್ಲ. ಊಟಕ್ಕೆ ಕೂತಾಗ, ತಟ್ಟೆ ನೋಡುತ್ತಲೇ ಹೇಳಿದರು: ಇಷ್ಟು ದಿನ ಬೆಟ್ಟ ಅಗೆದದ್ದಾಯಿತು, ಇಲಿಯೂ ಸಿಗಲಿಲ್ಲ. ಈ ಮೈ ಬದಲಾಗುವ ಮೈಯಲ್ಲ. ಹೆಡ್ ನರ್ಸ್ ಮುಂದೆ ಎಲ್ಲರ ಎದುರು ಇನ್ನೊಂದು ಸಲ ಬೀಳುವುದಕ್ಕಿಂತ ನಾನೇ ಹೋಗಿ ಕೌಂಟರ್ ಕೇಳಿಕೊಳ್ಳುವುದು ಮರ್ಯಾದೆ. ಸೋಮವಾರ ಹೇಳಿಬಿಡುತ್ತೇನೆ.

ಮಾವನ ಕೈ ತಟ್ಟೆಯಲ್ಲಿ ನಿಂತಿತು. ಏನೋ ಹೇಳುತ್ತಾರೆ ಅಂದುಕೊಂಡೆ. ನೀರು ಕುಡಿದು ಎದ್ದುಹೋದರು.

ಶನಿವಾರ ವಾರ್ಡಿನಲ್ಲಿ ಒಬ್ಬ ರೋಗಿ ಅತ್ತೆಯ ಮೇಲೆಯೇ ವಾಂತಿ ಮಾಡಿಕೊಂಡ. ನರ್ಸುಗಳ ಬೀರುವಿನಲ್ಲಿ ಅತ್ತೆಯದೊಂದು ಜೊತೆ ಯೂನಿಫಾರಂ ಇಂಥ ಹೊತ್ತಿಗೆ ಅಂತಲೇ ತೂಗಿತ್ತು. ಈ ಗಲಾಟೆಯೆಲ್ಲ ಶುರುವಾಗುವ ಮೊದಲಿನಿಂದಲೂ ಅದು ಅಲ್ಲಿಂದ ಹೊರಗೆ ಬಂದಿರಲಿಲ್ಲ. ಅತ್ತೆ ಅದನ್ನು ಹಾಕಿಕೊಂಡರು. ಕೋಟಿನ ಭುಜ ತೋಳಿಗೆ ಇಳಿಯಿತು. ಪ್ಯಾಂಟು ಸೊಂಟದಲ್ಲಿ ನಿಲ್ಲಲೇ ಇಲ್ಲ, ಬ್ಯಾಂಡೇಜ್ ಬಟ್ಟೆಯಿಂದ ಬಿಗಿದು ಕಟ್ಟಬೇಕಾಯಿತು. ಬೇರೆ ಯಾರದ್ದೋ ಹಾಕಿಕೊಂಡೆನೇನೋ ಅಂತ ಕಾಲರ್ ತಿರುಗಿಸಿ ನೋಡಿದರೆ, ಒಳಗೆ ಮಾವ ಯಾವಾಗಲೂ ಹಾಕುವ ನೀಲಿ ದಾರದ ಗುರುತು.

ಸಂಜೆ ಅವರು ಅದೇ ವೇಷದಲ್ಲಿ ಮನೆಗೆ ಬಂದರು. ಒಳಗೆ ಬರಲಿಲ್ಲ, ಹೊಲಿಗೆ ಯಂತ್ರದ ಎದುರು ಹೋಗಿ ನಿಂತರು. ಕಾಲರ್ ರಿಪೇರಿಗೆ ಬಂದಿದ್ದ ಗಿರಾಕಿಯೊಬ್ಬ ಅತ್ತೆಯ ಮುಖ ನೋಡಿ, ನಾಳೆ ಬರ್ತೀನಿ ಅಂತ ಹೊರಟುಹೋದ.

"ರೀ, ಇದು ಯಾರ ಕೋಟು?"

ಮಾವ ಒಂದು ಸಲ ತಲೆ ಎತ್ತಿ ನೋಡಿದರು. "ನಿನ್ನದೇ."

"ಹಾಗಾದ್ರೆ ಮನೇಲಿರೋವು ಯಾರವು?"

ಅತ್ತೆ ಒಳಗೆ ಹೋಗಿ ತಮ್ಮ ಬಟ್ಟೆಯೆಲ್ಲ ತಂದು ಕತ್ತರಿಸುವ ಮೇಜಿನ ಮೇಲೆ ಒಳಮೈ ಹೊರಗೆ ಮಾಡಿ ಹರಡಿದರು. ನಾನೂ ಬಗ್ಗಿ ನೋಡಿದೆ. ಪಕ್ಕೆಯ ಹೊಲಿಗೆಯ ಉದ್ದಕ್ಕೂ ಸೂಜಿಯ ಸಣ್ಣ ಸಣ್ಣ ತೂತಿನ ಸಾಲು, ಅದರ ಪಕ್ಕ ಇನ್ನೊಂದು ಸಾಲು, ಅದರ ಪಕ್ಕ ಮತ್ತೊಂದು. ಹಿಂದಿನ ವರ್ಷಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಬಿಚ್ಚಿ ಅಗಲ ಬಿಡುತ್ತ ಬಂದದ್ದು, ಈ ಎರಡು ತಿಂಗಳಲ್ಲಿ ಸ್ವಲ್ಪ ಸ್ವಲ್ಪವಾಗಿ ಒಳಗೆ ಹಿಡಿದು ಬಿಗಿ ಮಾಡುತ್ತ ಬಂದದ್ದು, ಎಲ್ಲ ಅಲ್ಲಿತ್ತು. ಇಸ್ತ್ರಿ ಮಾಡಿಕೊಡುತ್ತೇನೆ ಅಂತ ಮಾವ ಅತ್ತೆಯ ಬಟ್ಟೆಯನ್ನು ವಾರವಾರ ಅಂಗಡಿಗೆ ಒಯ್ಯುತ್ತಿದ್ದರು. ಎಂಥ ಪುಣ್ಯವಂತೆ ಅಂತ ನಾನು ಹೊಟ್ಟೆಕಿಚ್ಚು ಪಟ್ಟಿದ್ದೂ ಉಂಟು.

ಅತ್ತೆ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು.

"ಏರಿದಾಗಲೂ ನನಗೆ ಗೊತ್ತಾಗದ ಹಾಗೆ ಮಾಡಿದ್ರಿ, ಇಳಿದಾಗಲೂ ಗೊತ್ತಾಗದ ಹಾಗೆ ಮಾಡಿದ್ರಿ. ನನ್ನ ಮೈ ಸುದ್ದಿ ನನಗೇ ಹೇಳದೆ ನೀವು ಇಟ್ಕೊಂಡ್ರಿ. ಅವತ್ತೇ ಒಂದು ಸಲ ಬಟ್ಟೆ ಬಿಗಿಯಾಗಿದ್ದಿದ್ರೆ ನಾನು ಎಚ್ಚೆತ್ಕೊಳ್ತಿದ್ದೆ. ಆ ಮುದುಕರನ್ನ ಹಿಡ್ಕೊಂಡು ನೆಲಕ್ಕೆ ಕೂರ್ತಿರಲಿಲ್ಲ." ಬಟ್ಟೆಯನ್ನೆಲ್ಲ ಬಾಚಿಕೊಂಡರು. "ಇನ್ಮೇಲೆ ನನ್ನ ಬಟ್ಟೆಗೆ ಸೂಜಿ ತಾಗಿಸಬೇಡಿ."

ಅದೇ ಸಂಜೆ, ಆ ದೊಗಳೆ ಕೋಟಿನಲ್ಲೇ, ಮೂಲೆಯಲ್ಲಿದ್ದ ಅತಿ ದೊಡ್ಡ ಚೀಲವನ್ನು ಎತ್ತಿದರು. ಅದನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಕೆಳಗಿಟ್ಟು ಮತ್ತೆ ಎತ್ತಿದರು. ಸೋಮವಾರ ಕೌಂಟರ್ ಕೇಳಲು ಹೋಗಲಿಲ್ಲ.

ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಉಂಡರು, ಮಲಗಿದರು, ಜಗಳ ಮಾತ್ರ ಬೆಳಗ್ಗೆ ಎಲ್ಲರಿಗಿಂತ ಮೊದಲು ಎದ್ದು ಕೂತಿರುತ್ತಿತ್ತು. ಅತ್ತೆ ದಿನಾ ಆ ದೊಗಳೆ ಕೋಟನ್ನೇ ಒಗೆದು ಹಾಕಿಕೊಂಡು ಹೋದರು. ಮಾವನಿಗೆ ಬೇಕಾದ್ದನ್ನು ನನ್ನ ಮೂಲಕ ಕೇಳುವುದು, ಕೊಡುವುದು. ಮಾವ ಬಾಗಿಲಿಂದ ಹೊರಗೆ ಹೋಗುವ ಆ ಭುಜದ ಹೊಲಿಗೆಯನ್ನು ನೋಡಿ, ಹಲ್ಲುನೋವಿನವರ ಹಾಗೆ ಮುಖ ತಿರುಗಿಸುತ್ತಿದ್ದರು.

ಕೊನೆಗೆ ಅಜ್ಜಿಗೇ ತಡೆಯಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ ಮಗನ ತಟ್ಟೆಗೆ ಬಡಿಸುವುದನ್ನು ಅರ್ಧಕ್ಕೆ ನಿಲ್ಲಿಸಿದರು. "ಬಾಯಿ ಬಿಡೋ. ಇಲ್ಲಾಂದ್ರೆ ಇವತ್ತು ಬೇಳೆ ಇಲ್ಲ."

ಮಾವ ಒಣ ಅನ್ನ ನೋಡುತ್ತ ಹೇಳಿದರು. ನನ್ನ ಗಂಡ ಹುಟ್ಟಿದ ಮೇಲೆ ಅತ್ತೆ ಡ್ಯೂಟಿಗೆ ಹೋದ ಮೊದಲ ದಿನದ ಕಥೆ. ದೊಡ್ಡ ಡಾಕ್ಟರು ರೌಂಡ್ಸ್ ಬಂದಾಗ ಕೋಟಿನ ಗುಂಡಿ ಕಿತ್ತು ಹಾರಿ ರೋಗಿಯ ಗಂಜಿ ಬಟ್ಟಲಿಗೆ ಬಿತ್ತಂತೆ. ಎಲ್ಲರೂ ನಕ್ಕರಂತೆ. ಅತ್ತೆ ಮನೆಗೆ ಬಂದು, ಇನ್ನು ಆ ವಾರ್ಡಿಗೆ ಕಾಲಿಡಲ್ಲ ಅಂದರಂತೆ.

"ಗುಂಡಿ ಸರಿಯಾಗಿ ಹೊಲಿದಿರಲಿಲ್ಲ, ತಪ್ಪು ನನ್ನದು ಅಂತ ಹೇಳಿ ಕಳಿಸಿದೆ," ಅಂದರು ಮಾವ. "ಗುಂಡಿ ಚೆನ್ನಾಗೇ ಹೊಲಿದಿದ್ದೆ. ಅವತ್ತಿಂದ, ನಿನ್ನ ಬಟ್ಟೆ ನಿನ್ನನ್ನ ನಾಲ್ಕು ಜನರ ಮುಂದೆ ಆಡಿಕೊಳ್ಳಬಾರದು ಅಂತ ನೋಡ್ಕೊಂಡೆ. ಬಿಗಿ ಕಂಡ್ರೆ ಬಿಡೋದು, ಸಡಿಲ ಕಂಡ್ರೆ ಹಿಡಿಯೋದು. ನೀನು ಇಳೀತಿದ್ದೀಯ ಅಂತ ಎಲ್ಲರಿಗಿಂತ ಮೊದಲು ಗೊತ್ತಾಗಿದ್ದು ನನಗೇ. ಖುಷಿಯಾಗ್ತಿತ್ತು. ಹೇಳಬೇಕು ಅಂತ ಹೊಳೀಲಿಲ್ಲ."

"ಹೊಳೀಲಿಲ್ವಾ? ನಾನು ಬಿಟ್ಟುಬಿಡ್ತೀನಿ ಅಂದಾಗಲೂ?"

"ಆಗ ಹೊಳೀತು. ಹೇಗೆ ಹೇಳೋದು ಅಂತ ಗೊತ್ತಾಗಲಿಲ್ಲ. ಹೇಳಿದ್ರೆ ಹಿಂದಿನದ್ದೆಲ್ಲ ಹೇಳಬೇಕಾಗಿತ್ತು."

ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ನಮ್ಮ ಮಾವ ಗುಂಡಿಗೆ ಹೋದ ಮಾನವನ್ನು ಅಷ್ಟು ವರ್ಷ ದಾರ ಹಾಕಿ ಎಳೆದು ತರಲು ನೋಡಿದ್ದರು. ಅತ್ತೆ ಎದ್ದು ತಟ್ಟೆ ತೊಳೆಯಲು ಹೋದರು. ಅಜ್ಜಿ ಮಗನಿಗೆ ಬೇಳೆ ಬಡಿಸಿದರು, ಯಾವತ್ತಿಗಿಂತ ಒಂದು ಸೌಟು ಜಾಸ್ತಿ.

ಉಳಿದ ದಿನಗಳಲ್ಲಿ ಚೀಲದ ಜೊತೆ ನಾವೂ ಭಾರಗಳಾದೆವು. ಮಂಚದಿಂದ ಕುರ್ಚಿಗೆ, ಕುರ್ಚಿಯಿಂದ ಮಂಚಕ್ಕೆ, ಒಂದು ದಿನ ನನ್ನ ಗಂಡ ರೋಗಿ, ಒಂದು ದಿನ ನಾನು. ಗಂಡ ಬೇಕಂತಲೇ ನರಳುತ್ತಿದ್ದ, ಟೀ ಕೇಳುತ್ತಿದ್ದ. ನನ್ನ ಸರದಿ ಬಂದಾಗ ಅತ್ತೆ ಎರಡು ಕಾಲನ್ನೂ ಅಗಲಿಸಿ ಊರಿ, ಸೊಂಟ ಹಿಂದಕ್ಕೆ ತಳ್ಳಿ ಬಗ್ಗಿ, ನನ್ನನ್ನು ತಮ್ಮ ಮೈಗೆ ಸೇರಿಸಿಕೊಂಡು ಎದ್ದರು. ಅವರ ತೊಡೆಯಿಂದ ಬಂದ ಬಲ ನನ್ನ ಬೆನ್ನ ಹಿಂದಿನ ಅವರ ಕೈಯವರೆಗೂ ಗೊತ್ತಾಯಿತು. ಚಿಕ್ಕಂದಿನಲ್ಲಿ ಅಮ್ಮ ಎತ್ತಿಕೊಂಡದ್ದು ಬಿಟ್ಟರೆ ಅಷ್ಟು ಭದ್ರವಾಗಿ ಯಾರೂ ನನ್ನನ್ನು ಹಿಡಿದಿರಲಿಲ್ಲ. ಈ ಹೆಂಗಸು ನನಗೆ ಅತ್ತೆಯಾಗಿ ಸಿಕ್ಕಿದ್ದು ನನ್ನ ಪುಣ್ಯ ಅಂತ ಆವತ್ತು ಕುರ್ಚಿಯಲ್ಲಿ ಕೂತು ಅಂದುಕೊಂಡೆ. ಬಾಯಿಬಿಟ್ಟೂ ಹೇಳಿದೆ. "ಸಾಕು, ಇನ್ನೊಂದು ಸಲ ಮಲಗು," ಅಂದರು.

ಪರೀಕ್ಷೆಯ ದಿನ ಹೆಡ್ ನರ್ಸ್ ಬೇರೆ ಯಾರನ್ನೂ ಕರೆಯಲಿಲ್ಲವಂತೆ. ಖಾಲಿ ಹಾಸಿಗೆಯ ಮೇಲೆ ತಾವೇ ಮಲಗಿದರಂತೆ. ಅವರದು ತೂಕದ ಶರೀರ. "ನನ್ನ ಕಾಲಲ್ಲಿ ಬಲ ಇಲ್ಲ ಅಂದ್ಕೊಳ್ಳಿ. ಬಿದ್ರೆ ಇಬ್ಬರೂ ಬೀಳೋಣ," ಅಂದರಂತೆ. ಅತ್ತೆ ಗಾಲಿಕುರ್ಚಿಯ ಬ್ರೇಕ್ ಹಾಕಿದರು. ಹೆಡ್ ನರ್ಸನ್ನು ಎಬ್ಬಿಸಿ ಮಂಚದ ಅಂಚಿಗೆ ಕೂರಿಸಿ, ಮೈಗೆ ಸೇರಿಸಿಕೊಂಡು, ಎದ್ದು, ಪಾದ ತಿರುಗಿಸಿ, ಮೊಟ್ಟೆ ಇಡುವ ಹಾಗೆ ಕುರ್ಚಿಯಲ್ಲಿ ಇಟ್ಟರು. ಮತ್ತೆ ಹಾಸಿಗೆಗೆ ಅಂದರು ಹೆಡ್ ನರ್ಸ್. ಇಟ್ಟರು. ಇನ್ನೊಂದು ಸಲ ಅಂದರು. ಅದೂ ಆಯಿತು. ಬಾಗಿಲ ಸಂದಿನಲ್ಲಿ ಫಿಸಿಯೋ ಹುಡುಗಿ, ಆಂಬುಲೆನ್ಸ್ ಡ್ರೈವರು, ಇನ್ನೂ ಯಾರುಯಾರೋ ಉಸಿರು ಹಿಡಿದು ನಿಂತಿದ್ದರಂತೆ.

ಹೆಡ್ ನರ್ಸ್ ಎದ್ದು ಕೂದಲು ಸರಿಮಾಡಿಕೊಂಡರು. "ನಾಡಿದ್ದು ಬೆಳಗ್ಗೆ ಗಂಡಸರ ವಾರ್ಡು. ತಡ ಮಾಡಬೇಡಿ. ಆ ಕೋಟಿಗೆ ಏನಾದ್ರೂ ಮಾಡ್ಸಿ, ಅದರೊಳಗೆ ಇನ್ನೊಬ್ಬ ನರ್ಸು ಹಿಡೀತಾಳೆ."

ಇದನ್ನೆಲ್ಲ ಅತ್ತೆ ನಮಗೆ ಊಟದ ಹೊತ್ತಿನಲ್ಲಿ ಹೇಳಿದರು. ಹೇಳಿ ಮುಗಿಸಿ, ಯಾರ ಕಡೆ ಮೊದಲು ತಿರುಗುವುದು ಅಂತ ಗೊತ್ತಾಗದವರ ಹಾಗೆ ಒಬ್ಬೊಬ್ಬರ ಮುಖವನ್ನೂ ನೋಡಿದರು. ಆಮೇಲೆ ಅಜ್ಜಿಯ ಕಾಲು ಮುಟ್ಟಿ, ನೀವು ಎದುರಿಗೆ ಕೂತು ತಿನ್ನಿಸದೆ ಇದ್ದಿದ್ದರೆ ಆಗುತ್ತಿರಲಿಲ್ಲ ಅಂದರು. ಮೊದಲೂ ನಾನೇ ತಿನ್ನಿಸಿದ್ದು, ಆಮೇಲೂ ನಾನೇ ತಿನ್ನಿಸಿದ್ದು ಅಂದರು ಅಜ್ಜಿ, ಕಣ್ಣೊರೆಸಿಕೊಳ್ಳುತ್ತ. ಅತ್ತೆ ತಮ್ಮ ಮಗನ ತಲೆಗೆ ಮೊಟಕಿದರು. ನನ್ನ ಕೈ ಹಿಡಿದು, ಆ ಒದ್ದೆ ಮೆಟ್ಟಿಲಿನಿಂದ ಎಬ್ಬಿಸಿದವಳು ನೀನು ಅಂದರು. ಕೊನೆಗೆ ಮಾವನ ಕಡೆ ತಿರುಗಿದರು. ಅಷ್ಟು ದಿನದ ಮೇಲೆ ನೇರವಾಗಿ ಅವರ ಮುಖ ನೋಡಿ ಆಡಿದ ಮಾತು ಅದೇ ಮೊದಲು.

"ನೀವು ಮಾಡಿದ್ದು ತಪ್ಪೇ. ಅದನ್ನ ಮರೆಯಲ್ಲ. ಆದ್ರೆ ಇಷ್ಟು ವರ್ಷ ಆ ವಾರ್ಡಲ್ಲಿ ನಾನು ತಲೆ ಎತ್ಕೊಂಡು ಓಡಾಡಿದ್ದು ನಿಮ್ಮ ಹೊಲಿಗೆ ಧೈರ್ಯದ ಮೇಲೆ. ಅದನ್ನೂ ಮರೆಯಲ್ಲ."

ಮಾವ ತಟ್ಟೆಯಲ್ಲೇ ಕೈ ತೊಳೆದುಬಿಟ್ಟರು. ಅಜ್ಜಿ ಅದಕ್ಕೂ ಬೈಯಲಿಲ್ಲ.

"ನಾಡಿದ್ದು ಇದನ್ನೇ ಹಾಕ್ಕೊಂಡು ಹೋಗ್ತೀಯಾ?" ಅಂದರು ಮಾವ.

"ಹೊಸದು ಹೊಲಿದುಕೊಡಿ."

"ಸರಿ. ಅಳತೆ ಕಣ್ಣಲ್ಲಿದೆ."

"ಕಣ್ಣಳತೆ ಬೇಡ. ಟೇಪು ತನ್ನಿ. ಎಷ್ಟೆಷ್ಟು ಅಂತ ಗಟ್ಟಿಯಾಗಿ ಹೇಳ್ತಾ ಅಳೀರಿ. ನನಗೂ ಕೇಳಿಸಬೇಕು."

ಮುಂದಿನ ಕೋಣೆಯ ದೀಪ ಹಾಕಿದೆವು. ಅತ್ತೆ ಎರಡೂ ಕೈ ಅಗಲಿಸಿ ನಿಂತರು. ಮಾವ ಭುಜ ಅಳೆದರು, ಎದೆ ಅಳೆದರು, ಒಂದೊಂದನ್ನೂ ಹೇಳುತ್ತ ಬಂದರು. ಸೊಂಟಕ್ಕೆ ಟೇಪು ಸುತ್ತಿ ಎಷ್ಟು ಅಂತ ಹೇಳುವಾಗ ಅವರ ದನಿ ತಗ್ಗಿತು. ಅತ್ತೆ, ಕೇಳಿಸಲಿಲ್ಲ, ಇನ್ನೊಂದು ಸಲ ಹೇಳಿ ಅಂದರು. ಮಾವ ಇನ್ನೊಂದು ಸಲ ಹೇಳಿದರು, ಅಡುಗೆಮನೆಯಲ್ಲಿದ್ದ ಅಜ್ಜಿಗೂ ಕೇಳಿಸಿತು, ಬೀದಿಯಲ್ಲಿ ಹೋಗುತ್ತಿದ್ದವರು ಇಬ್ಬರು ತಿರುಗಿ ನೋಡಿದರು. ಮಾವನಿಗೆ ಅಷ್ಟು ದೊಡ್ಡ ದನಿ ಇದೆ ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ.